ಬಿಸಿಲೂರಿನಲ್ಲಿ ಮಾರ್ಗದರ್ಶಿ ನಾಯಿಯ ಜೊತೆ ದಿನ ಕಳೆಯುವ ಬಗೆ

ಕಣ್ಣು ಕಾಣದವರಿಗೆ ದಾರಿ ತೋರಿಸುವ ನಾಯಿಗಳನ್ನು ತಯಾರು ಮಾಡುವ ಮೊದಲ ಶಾಲೆ 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ ಶುರುವಾಯಿತು. ಇವತ್ತು ಈ ಕೆಲಸದಲ್ಲಿ ಹೆಚ್ಚಾಗಿ ಕಾಣುವ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ತಳಿಗಳೂ ತಂಪು ಸೀಮೆಯವೇ. ಮೈಮೇಲೆ ಎರಡು ಪದರ ಕೂದಲು. ಹಾಗಾಗಿ ಶಾಲೆಯವರು ಬರೆದುಕೊಡುವ ದಿನಚರಿಯನ್ನು ಕಲಬುರಗಿ, ಯಾದಗಿರಿಯಲ್ಲಿ ಇದ್ದಂತೆಯೇ ನಡೆಸಲು ಬರುವುದಿಲ್ಲ. ನಾಯಿ ಕಲಿತ ಪಾಠ ಹಾಗೇ ಇರಲಿ, ಹೊತ್ತನ್ನು ಬಿಸಿಲು ನೋಡಿ ಇಟ್ಟುಕೊಳ್ಳಬೇಕು.

ನಾಯಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು ಮನೆಯವರಿಗೆಲ್ಲ ಮೊದಲೇ ಗೊತ್ತಿರಲಿ. ಅದಕ್ಕೆ ವಿಳಾಸ ತಿಳಿಯದು, ಸಿಗ್ನಲ್ಲಿನ ಕೆಂಪು ಹಸಿರನ್ನೂ ಅದು ಓದುವುದಿಲ್ಲ. ಜಗತ್ ಸರ್ಕಲ್‌ನಿಂದ ಸೂಪರ್ ಮಾರ್ಕೆಟ್‌ಗೆ ಹೋಗುವ ದಾರಿ ನಿಮ್ಮ ತಲೆಯಲ್ಲಿರಬೇಕು. ರಸ್ತೆ ಯಾವಾಗ ದಾಟಬೇಕು ಎಂಬುದನ್ನು ಕಿವಿಗೊಟ್ಟು ನೀವೇ ನಿರ್ಧರಿಸಬೇಕು. ಅಡ್ಡ ಬಂದದ್ದನ್ನು ಸುತ್ತಿಕೊಂಡು ಹೋಗುವುದು, ಮೆಟ್ಟಿಲು ಮತ್ತು ಚರಂಡಿಯ ಅಂಚಿನಲ್ಲಿ ನಿಲ್ಲುವುದು, ಗಾಡಿ ಮೈಮೇಲೆ ಬರುತ್ತಿದ್ದರೆ ನೀವು ‘ಮುಂದೆ’ ಎಂದರೂ ಹೆಜ್ಜೆ ಇಡದಿರುವುದು ಅದರ ಕೆಲಸ. ಬಿಳಿ ಕೋಲು ಹಿಡಿದು ಒಬ್ಬರೇ ಓಡಾಡಿ ರೂಢಿಯಾದವರಿಗೇ ಇದು ಒಗ್ಗುತ್ತದೆ. ಲ್ಯಾಬ್ರಡಾರ್ ಮರಿ ಕೊಂಡು ತಂದು ಮನೆಯಲ್ಲೇ ಕಲಿಸುತ್ತೇವೆ ಎನ್ನುವವರಿಗೆ ಬೇಡ ಎಂದೇ ಹೇಳಬೇಕಾಗುತ್ತದೆ. ಮರಿ ಒಂದು ವರ್ಷಕ್ಕೂ ಹೆಚ್ಚು ಕಾಲ ಮನೆಯೊಂದರಲ್ಲಿ ಬೆಳೆದು, ತಿಂಗಳುಗಟ್ಟಲೆ ತರಬೇತಿ ಪಡೆದು, ಕೊನೆಗೆ ನಿಮ್ಮ ಜೊತೆ ಕೆಲವು ವಾರ ನಡೆದು ಪಳಗಬೇಕು. ಅಷ್ಟಾದರೂ ನಡುವೆಯೇ ಕೈಬಿಡಬೇಕಾದ ನಾಯಿಗಳು ಬಹಳ.

ಬಿಸಿಲು

ಮಾರ್ಚ್‌ನಿಂದ ಮಳೆ ಹಿಡಿಯುವ ತನಕ ನಡೆಯುವ ಹೊತ್ತು ಎರಡೇ: ಬೆಳಿಗ್ಗೆ 5.30ರಿಂದ 8ರ ಒಳಗೆ, ಸಂಜೆ 7ರ ಮೇಲೆ. ಹೊತ್ತು ಮುಳುಗಿದ ಕೂಡಲೇ ಡಾಂಬರು ತಣ್ಣಗಾಗುವುದಿಲ್ಲ, ಗಾಳಿ ತಂಪಾದ ಮೇಲೂ ಕಾವು ಹಿಡಿದಿಟ್ಟುಕೊಂಡಿರುತ್ತದೆ. 42 ಡಿಗ್ರಿಯ ಮಧ್ಯಾಹ್ನ ಡಾಂಬರಿನ ಮೇಲ್ಮೈ 60 ಡಿಗ್ರಿ ದಾಟಬಲ್ಲದು. ಒಂದು ನಿಮಿಷದಲ್ಲೇ ಪಾದದ ಮೆತ್ತೆ ಸುಡುತ್ತದೆ. ಹೊರಡುವ ಮುಂಚೆ ಕೈಯ ಹಿಂಬದಿಯನ್ನು ನೆಲಕ್ಕೆ ಒತ್ತಿ ಏಳರವರೆಗೆ ಎಣಿಸಿ. ಅಷ್ಟು ಹೊತ್ತು ಇಡಲಾಗದಿದ್ದರೆ ಆಟೋ ಕರೆಯಿರಿ. ಬಾಗಿಲ ಮುಂದಿನ ಶಹಾಬಾದ್ ಫರ್ಸಿಯನ್ನು ಮಾತ್ರ ಮುಟ್ಟಿ ನೋಡಿ ಹೊರಟರೆ ಮೋಸಹೋಗುತ್ತೀರಿ. ನೆರಳಿನ ಕಲ್ಲು ತಣ್ಣಗಿದ್ದಾಗಲೇ ನಾಲ್ಕು ಹೆಜ್ಜೆ ಆಚೆಯ ರಸ್ತೆ ಕಾದಿರುತ್ತದೆ. ಎರಡನ್ನೂ ಮುಟ್ಟಿ ನೋಡಿ.

ನಾಯಿಯ ಬೂಟು ಸಿಗುತ್ತದೆ, ತಂದಿಡಿ. ಆದರೆ ಮೊದಲ ದಿನವೇ ಹಾಕಿಸಿ ರಸ್ತೆಗೆ ಇಳಿಸಬೇಡಿ. ಮನೆಯೊಳಗೆ ದಿನಕ್ಕೆ ಐದು ನಿಮಿಷ, ಒಂದೆರಡು ವಾರ, ಪ್ರತಿ ಸಲ ಒಂದು ತಿನಿಸು ಕೊಟ್ಟು ರೂಢಿಸಿ. ನಾಯಿ ಬೆವರುವುದೇ ಪಾದದಲ್ಲಿ. ಅರ್ಧ ಗಂಟೆಗೊಮ್ಮೆ ಬಿಚ್ಚದಿದ್ದರೆ ಬೆರಳ ಸಂದು ತೇವಗೊಂಡು ಹುಣ್ಣಾಗುತ್ತದೆ. ಬೇಸಿಗೆ ಎಂದು ಮೈ ಬೋಳಿಸುವುದೂ ತಪ್ಪು. ಕೂದಲು ಬಿಸಿಲನ್ನು ತಡೆಯುತ್ತದೆ, ಬೋಳಿಸಿದರೆ ಚರ್ಮ ಸುಡುತ್ತದೆ. ದಿನಾ ಬಾಚಿ ಒಳಪದರದ ಉದುರುಗೂದಲು ತೆಗೆದರೆ ಸಾಕು.

ನೀರಿನ ಲೆಕ್ಕ: 30 ಕಿಲೋ ತೂಕದ ನಾಯಿಗೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಹೊರಗೆ ಹೋಗುವಾಗ ಒಂದು ಲೀಟರ್ ಬಾಟಲಿ, ಮಡಚುವ ಬಟ್ಟಲು ಹೆಗಲಚೀಲದಲ್ಲಿರಲಿ. ಕೂಲರ್ ಮುಂದೆ ಮಲಗಿದ್ದ ನಾಯಿಯನ್ನು ಎಬ್ಬಿಸಿ ನೇರ ಬಿಸಿಲಿಗೆ ಒಯ್ಯಬೇಡಿ. ಹತ್ತು ನಿಮಿಷ ಪಡಸಾಲೆಯಲ್ಲಿ ಕೂರಿಸಿ.

ಬಿಸಿಲು ಬಡಿದರೆ ಕಣ್ಣಿಲ್ಲದೆಯೂ ತಿಳಿಯುತ್ತದೆ. ಏದುಸಿರು ಗಟ್ಟಿಯಾಗಿ ನಿಲ್ಲದೆ ಕೇಳುತ್ತದೆ, ಹಾರ್ನೆಸ್ಸಿನ (ನಾಯಿಯ ಮೈಗೆ ಕಟ್ಟುವ, ನೀವು ಹಿಡಿದು ನಡೆಯುವ ಹಿಡಿಯುಳ್ಳ ಪಟ್ಟಿ) ಎಳೆತ ಸಡಿಲವಾಗುತ್ತದೆ, ನಾಯಿ ನೆರಳಿನ ಕಡೆ ವಾಲುತ್ತದೆ. ತುಟಿ ಎತ್ತಿ ಒಸಡು ಮುಟ್ಟಿದರೆ ಒಣಗಿರುತ್ತದೆ, ಜೊಲ್ಲು ಅಂಟಂಟಾಗಿರುತ್ತದೆ. ಅಲ್ಲೇ ನಿಲ್ಲಿ. ಹಾರ್ನೆಸ್ ಬಿಚ್ಚಿ, ನೆರಳಿಗೆ ತಂದು, ಸಾದಾ ನೀರನ್ನು ಹೊಟ್ಟೆ, ಕಂಕುಳು, ತೊಡೆಸಂದಿಗೆ ಸುರಿದು ಗಾಳಿ ಬೀಸಿ. ಒದ್ದೆ ಗೋಣಿಚೀಲ ಹೊದಿಸುವ ರೂಢಿ ನಮ್ಮಲ್ಲಿದೆ. ಅದು ಸ್ವಲ್ಪ ಹೊತ್ತಿಗೇ ಬಿಸಿಯಾಗಿ ಕಾವನ್ನು ಒಳಗೇ ಹಿಡಿದಿಡುತ್ತದೆ, ಬೇಡ. ಕುಡಿಯಲು ಗುಟುಕು ಗುಟುಕು ಮಾತ್ರ. ನಾಯಿಯ ಸಹಜ ತಾಪ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್; 40 ದಾಟಿದರೆ ಅಪಾಯ. ತಣಿಸುತ್ತಲೇ ಪಶುವೈದ್ಯರಿಗೆ ಫೋನ್ ಮಾಡಿಸಿ. ಎದ್ದು ನಿಂತಿತು ಎಂದು ಮನೆಗೆ ನಡೆಸಿಕೊಂಡು ಹೋಗಬೇಡಿ, ಒಳಗಿನ ಅಂಗಗಳಿಗೆ ಆದ ಪೆಟ್ಟು ಆಮೇಲೆ ತೋರುತ್ತದೆ.

ಬೀದಿ ನಾಯಿಗಳು

ಬಿಸಿಲು ಬಿಟ್ಟರೆ ದೊಡ್ಡ ತೊಂದರೆ ಇದೇ. ಒಮ್ಮೆ ಕಚ್ಚಿಸಿಕೊಂಡ ಮಾರ್ಗದರ್ಶಿ ನಾಯಿ ಆ ಓಣಿಗೆ ಕಾಲಿಡಲು ಹಿಂಜರಿಯುತ್ತದೆ. ಭಯ ಬಲಿತರೆ ಕೆಲಸದಿಂದಲೇ ಬಿಡಿಸಬೇಕಾಗುತ್ತದೆ. ಹೊಸದಾಗಿ ನಾಯಿ ಬಂದಾಗ ಮೊದಲ ಕೆಲವು ವಾರ ಕಣ್ಣಿರುವವರೊಬ್ಬರು ನಾಲ್ಕು ಹೆಜ್ಜೆ ಹಿಂದೆ ಕೈಯಲ್ಲಿ ಕೋಲು ಹಿಡಿದು ಬರಲಿ. ಯಾವ ತಿರುವಿನಲ್ಲಿ ಯಾವ ಗುಂಪಿದೆ, ಅದಕ್ಕೆ ಯಾರು ಅನ್ನ ಹಾಕುತ್ತಾರೆ ಎಂದು ಕೇಳಿ ತಿಳಿಯಿರಿ. ಚಹಾ ಅಂಗಡಿಯವರೋ ಹೋಟೆಲಿನವರೋ ಆಗಿರುತ್ತಾರೆ. ಅವರನ್ನು ಪರಿಚಯ ಮಾಡಿಕೊಂಡು ನೀವು ಹೋಗುವ ಹೊತ್ತು ತಿಳಿಸಿಟ್ಟರೆ ಆ ಹೊತ್ತಿಗೆ ತಮ್ಮ ನಾಯಿಗಳನ್ನು ಕರೆದು ಕೂರಿಸಿಕೊಳ್ಳುತ್ತಾರೆ. ಬೇರೆ ಉಪಾಯಗಳಿಗಿಂತ ಇದು ಹೆಚ್ಚು ಫಲ ಕೊಡುತ್ತದೆ.

ಬೊಗಳುತ್ತ ಹತ್ತಿರ ಬಂದರೆ ಓಡಬೇಡಿ. ನಿಂತು ಹಾರ್ನೆಸ್ಸಿನ ಹಿಡಿ ಕೆಳಗೆ ಬಿಡಿ, ಲೀಶ್ (ಕೊರಳಪಟ್ಟಿಯ ಹಗ್ಗ) ಮಾತ್ರ ಗಿಡ್ಡವಾಗಿ ಹಿಡಿಯಿರಿ. ಹಿಡಿ ಬಿಟ್ಟರೆ ಆ ಕ್ಷಣಕ್ಕೆ ದಾರಿ ತೋರಿಸುವ ಹೊಣೆ ಇಲ್ಲ ಎಂದು ನಾಯಿಗೆ ಅರ್ಥವಾಗುತ್ತದೆ. ಕೋಲಿನಿಂದ ನೆಲ ಬಡಿಯಿರಿ, ಇಲ್ಲವೇ ಛತ್ರಿಯನ್ನು ಅವುಗಳ ಕಡೆಗೆ ಥಟ್ಟನೆ ಬಿಚ್ಚಿ. ಗೋಡೆಯೋ ಅಂಗಡಿಯ ಕಟ್ಟೆಯೋ ಇದ್ದರೆ ನಾಯಿಯನ್ನು ಅದರ ಪಕ್ಕಕ್ಕೆ ಸರಿಸಿ ನೀವು ಅಡ್ಡ ನಿಲ್ಲಿ. ಮನೆಗೆ ಬಂದ ಮೇಲೆ ಕುತ್ತಿಗೆ, ಕಿವಿ, ಹಿಂಗಾಲು ಪೂರ್ತಿ ಸವರಿ ನೋಡಿ. ಕೂದಲು ಒದ್ದೆಯಾಗಿ ಅಂಟಿದ್ದರೆ ಕೆಳಗೆ ಹಲ್ಲಿನ ಗಾಯವಿರಬಹುದು. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ರೇಬೀಸ್ ಲಸಿಕೆ ಮೊದಲೇ ಆಗಿದ್ದರೂ ಅದೇ ದಿನ ವೈದ್ಯರಿಗೆ ತೋರಿಸಿ. ಗಾಯ ತೊಳೆದವರಿಗೂ ಕೈಯಲ್ಲಿ ಗೀರು ಇದ್ದರೆ ಅವರೂ ಆಸ್ಪತ್ರೆಗೆ ಹೋಗಬೇಕು.

ರಸ್ತೆಯಲ್ಲಿ ನಾಯಿ ಸುಮ್ಮನೆ ನಿಂತರೆ ಮುಂದಕ್ಕೆ ತಳ್ಳಬೇಡಿ. ಮೊದಲು ಕಾಲು ಚಾಚಿ ನೆಲ ನೋಡಿ: ಚರಂಡಿಯ ಚಪ್ಪಡಿ ಎದ್ದಿರಬಹುದು, ದನ ಮಲಗಿರಬಹುದು. ಎದುರು ದಿಕ್ಕಿನಿಂದ ಬರುವ ಬೈಕು, ಸದ್ದಿಲ್ಲದ ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ನಿಮ್ಮ ಕಿವಿಗಿಂತ ಅದರ ಕಣ್ಣು ಮೇಲು. ತಲೆಗೆ ತಾಗುವ ಅಂಗಡಿ ತಗಡು, ಗಣಪತಿ ಪೆಂಡಾಲಿನ ಹಗ್ಗ ಇವು ಮಾತ್ರ ನಾಯಿಯ ಎತ್ತರಕ್ಕೆ ಸಿಗದವು, ಪದೇ ಪದೇ ಕಲಿಸಬೇಕು. ತಾಗಿದ ಕೂಡಲೇ ಆ ತಗಡನ್ನು ಕೈಯಿಂದ ಬಡಿದು ತೋರಿಸಿ, ಐದಾರು ಹೆಜ್ಜೆ ಹಿಂದೆ ಬಂದು ಮತ್ತೆ ಹೋಗಿ. ಸುತ್ತಿಕೊಂಡು ಹೋದರೆ ಹೊಗಳಿ ತಿನಿಸು ಕೊಡಿ. ಬೈದರೆ ಏನೂ ಕಲಿಯುವುದಿಲ್ಲ. ಶರಣಬಸವೇಶ್ವರ ಜಾತ್ರೆ, ಬಂದೇ ನವಾಜ್ ಉರುಸಿನ ಗದ್ದಲಕ್ಕೆ ನಾಯಿ ಬೇಡ, ಅವತ್ತು ಬಿಳಿ ಕೋಲು ಮತ್ತು ಮನೆಯವರೊಬ್ಬರ ಮೊಣಕೈ ಸಾಕು.

ಮುಟ್ಟಲು ಬರುವವರಿಗೆ ನಗುತ್ತಲೇ, ಆದರೆ ತಡಮಾಡದೆ ಹೇಳಿ: ‘ನಾಯಿ ಕೆಲಸದಾಗ ಅದ ರೀ, ಮುಟ್ಟಬ್ಯಾಡ್ರಿ.’ ಉರ್ದು ಮಾತಾಡುವ ಓಣಿಯಲ್ಲಿ ‘ಹಾಥ್ ನಕ್ಕೋ ಲಗಾವ್ ಭಾಯ್’. ಸವರಿಸಿಕೊಂಡ ನಾಯಿಯ ಗಮನ ರಸ್ತೆಯಿಂದ ಹೋಗುತ್ತದೆ, ಪೆಟ್ಟು ಬೀಳುವುದು ನಿಮಗೆ. ನಮಾಜಿಗೆ ಹೊರಟವರು, ಮಡಿಯಲ್ಲಿರುವವರು ದೂರ ಸರಿದರೆ ಬೇಸರ ಬೇಡ. ನಾಯಿಯನ್ನು ಗೋಡೆ ಕಡೆ ಇಟ್ಟುಕೊಂಡು ದಾರಿ ಬಿಡಿ. ಬಸ್ಸಿನಲ್ಲಿ ನಾಯಿಯನ್ನು ಸೀಟಿನ ಕೆಳಗೆ ಮಲಗಿಸಿ ಬಾಲ ಒಳಗೆ ಸೇರಿದೆಯೇ ಎಂದು ಕೈಯಿಂದ ನೋಡಿ. ತುಳಿತಕ್ಕೆ ಸಿಗುವುದು ಬಾಲವೇ. ಶಾಲೆ ಕೊಟ್ಟ ಗುರುತಿನ ಚೀಟಿ ತೋರಿಸಿ ಡಿಪೋದಲ್ಲಿ ಮೊದಲೇ ಮಾತಾಡಿಕೊಂಡರೆ ಕಂಡಕ್ಟರ್ ಜೊತೆ ಮೆಟ್ಟಿಲ ಮೇಲೆ ವಾದ ಮಾಡುವುದು ತಪ್ಪುತ್ತದೆ.

ಊಟ ಎರಡು ಹೊತ್ತು, ಅಳತೆ ಬಟ್ಟಲಲ್ಲಿ. ಒಣ ಆಹಾರವಾದರೆ ದೊಡ್ಡ ಲ್ಯಾಬ್ರಡಾರ್‌ಗೆ ದಿನಕ್ಕೆ ಸುಮಾರು 300ರಿಂದ 400 ಗ್ರಾಂ. ಮೆಲ್ಲಗೆ ಒತ್ತಿದಾಗ ಪಕ್ಕೆಲುಬು ಬೆರಳಿಗೆ ಸಿಗಬೇಕು, ಸಿಗದಿದ್ದರೆ ಕಡಿಮೆ ಮಾಡಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ಬಿದ್ದ ಪಲ್ಯ, ದ್ರಾಕ್ಷಿ, ಚಾಕೊಲೇಟ್ ವಿಷ. ಬೇಯಿಸಿದ ಕೋಳಿ ಎಲುಬು ಸೀಳಿ ಕರುಳಿಗೆ ಚುಚ್ಚುತ್ತದೆ. ಜೋಳದ ರೊಟ್ಟಿಯಲ್ಲಿ ವಿಷವಿಲ್ಲ, ಆದರೂ ತಟ್ಟೆಯಿಂದ ಅಜ್ಜಿ ಎಸೆದ ಒಂದು ತುಂಡು ಸಾಕು, ನಾಳೆ ನಾಯಿ ನಿಮ್ಮನ್ನು ಖಾನಾವಳಿಯ ಮುಂದೆ ನಿಲ್ಲಿಸುತ್ತದೆ. ಮೊದಲ ತಿಂಗಳುಗಳಲ್ಲಿ ನೀವೊಬ್ಬರೇ ಉಣಿಸಿ. ಉಂಡ ಅರ್ಧ ಗಂಟೆಗೆ ಹಾರ್ನೆಸ್ ಬಿಚ್ಚಿ, ಲೀಶ್ ಹಿಡಿದು ಮಣ್ಣಿನ ಜಾಗಕ್ಕೆ ಕರೆದೊಯ್ಯಿರಿ. ಬೆನ್ನ ಮೇಲೆ ಕೈ ಇಟ್ಟರೆ ಉಚ್ಚೆಗೆ ಬೆನ್ನು ಇಳಿಜಾರು, ಕಕ್ಕಸಿಗೆ ಗೂನು. ಗೂನಾದ ಕಡೆ ನಿಮ್ಮ ಕಾಲು ಇಟ್ಟು ಗುರುತು ಮಾಡಿಕೊಂಡು, ಕೈಗೆ ಚೀಲ ತೊಡಿಸಿ ಎತ್ತಿ.

ಸಂಜೆ ಮೈ ಸವರುವುದನ್ನು ಒಂದು ದಿನವೂ ಬಿಡಬೇಡಿ. ಕಿವಿಯೊಳಗೆ, ಕಂಕುಳಲ್ಲಿ, ಹಾರ್ನೆಸ್ ಪಟ್ಟಿಯ ಕೆಳಗೆ, ಬೆರಳ ಸಂದಿಯಲ್ಲಿ ಜೋಳದ ಕಾಳಿನಂಥದ್ದು ಸಿಕ್ಕರೆ ಉಣ್ಣಿ. ಚಿಮಟದಿಂದ ಚರ್ಮಕ್ಕೆ ಅಂಟಿಸಿ ಹಿಡಿದು ನೇರ ಎಳೆಯಿರಿ, ಬೆರಳಲ್ಲಿ ಹಿಸುಕಬೇಡಿ. ಅದು ತರುವ ಜ್ವರದಲ್ಲಿ ನಾಯಿ ಊಟ ಬಿಡುತ್ತದೆ, ಮೂಗಿನಿಂದ ರಕ್ತ ಬರಬಹುದು, ರಕ್ತಪರೀಕ್ಷೆ ತಡಮಾಡಬೇಡಿ. ಮಳೆಗಾಲದಲ್ಲಿ ಯರೆಮಣ್ಣು ಬೆರಳ ನಡುವೆ ಒಣಗಿ ಗಟ್ಟಿಯಾಗಿ ಚರ್ಮ ಹರಿಯುತ್ತದೆ, ಒದ್ದೆ ಇರುವಾಗಲೇ ತೊಳೆಯಿರಿ. ಬೀದರ್‌ನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕಾಲೇಜಿದೆ. ಕಲಬುರಗಿಯಿಂದ ಅದು ನೂರು ಕಿಲೋಮೀಟರಿಗೂ ದೂರ. ಆದ್ದರಿಂದ ತುರ್ತಿಗೆ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯ ನಂಬರನ್ನು ಫೋನಿನ ಮೊದಲ ಬಟನ್ನಿಗೆ ಹಾಕಿಡಿ.

ಹಾರ್ನೆಸ್ ಬಿಚ್ಚಿದ ಮೇಲೆ ಅದು ಮನೆಯ ನಾಯಿ. ಮಾಳಿಗೆಯ ಮೇಲೋ ಮುಚ್ಚಿದ ಅಂಗಳದಲ್ಲೋ ಗಂಟೆ ಕಟ್ಟಿದ ಚೆಂಡಿನಿಂದ ಅರ್ಧ ಗಂಟೆ ಆಡಿಸಿ. ಚೆಂಡು ಎಲ್ಲಿದೆ ಎಂದು ನಿಮಗೂ ಕೇಳುತ್ತದೆ. ಎಂಟರಿಂದ ಹತ್ತನೇ ವಯಸ್ಸಿನ ನಡುವೆ ಅದಕ್ಕೆ ನಿವೃತ್ತಿ. ಆಗ ಅದನ್ನು ಯಾರ ಮನೆಯಲ್ಲಿ ಇಟ್ಟುಕೊಳ್ಳಬೇಕು, ಔಷಧದ ಖರ್ಚು ಯಾರದು ಎಂಬುದನ್ನು ನಾಯಿ ಆರು ವರ್ಷದ್ದಿರುವಾಗಲೇ ಮನೆಯವರ ಜೊತೆ ಕೂತು ಮಾತಾಡಿ ಇಟ್ಟುಕೊಳ್ಳಿ.