ಅಣಬೆಯ ಧೂಳಿನಿಂದ ಅಣಬೆ: ಮನೆಯಲ್ಲಿ ಆಗುತ್ತದೆಯೇ?

ಆಗುತ್ತದೆ, ಆದರೆ ಮೆಂತ್ಯ ಚೆಲ್ಲಿದಷ್ಟು ಸುಲಭವಿಲ್ಲ. ಮೆಂತ್ಯದ ಕಾಳು ತನ್ನ ಬುತ್ತಿ ತಾನೇ ಹೊತ್ತು ಬರುತ್ತದೆ. ಅಣಬೆಯ ಧೂಳು ಎಂದರೆ ಅದರ ಬೀಜಕಣ, ಅದು ಬರಿಗೈಲಿ ಬರುತ್ತದೆ. ಊಟ ನಾವು ಬಡಿಸಬೇಕು. ಬಡಿಸಿದ ಊಟಕ್ಕೆ ಗಾಳಿಯಲ್ಲಿನ ಬೂಷ್ಟೆಲ್ಲ ಮುಗಿಬೀಳುತ್ತದೆ. ಕಷ್ಟವೆಲ್ಲ ಇಲ್ಲಿಯೇ.

ರಾಯಚೂರಿನ ಬಿಸಿಲಿಗೆ ಚಿಪ್ಪಣಬೆ (ಆಯ್ಸ್ಟರ್) ತಡೆಯದು. ನವೆಂಬರ್‌ನಿಂದ ಜನವರಿಯೊಳಗೆ ಶುರುಮಾಡಿ. ಬೇಸಿಗೆಗೆ 30–35 ಡಿಗ್ರಿ ತಾಳುವ ಹಾಲಣಬೆಯೇ ವಾಸಿ.

ಮೊದಲು ಕಣ ಹಿಡಿಯುವುದು. ಅರಳಿದ ತಾಜಾ ಚಿಪ್ಪಣಬೆಯ ತೊಟ್ಟು ಕತ್ತರಿಸಿ, ಪದರುಗಳ ಬದಿ ಕೆಳಗಾಗುವಂತೆ ಕಪ್ಪು ಕಾಗದದ ಮೇಲಿಟ್ಟು ಲೋಟ ಕವುಚಿ. ಒಂದು ರಾತ್ರಿಯಲ್ಲಿ ಮಾಸಲು ಬಿಳಿಯ ಪುಡಿ ಉದುರಿರುತ್ತದೆ. ಬಿಳಿ ಕಾಗದವಾದರೆ ಅದು ಕಣ್ಣಿಗೆ ಬೀಳುವುದಿಲ್ಲ.

ಇನ್ನು ಊಟ. 200 ಗ್ರಾಂ ಆಲೂಗಡ್ಡೆ ಬೇಯಿಸಿ ಸೋಸಿದ ನೀರನ್ನು ಒಂದು ಲೀಟರ್ ಮಾಡಿ, 20 ಗ್ರಾಂ ಗ್ಲೂಕೋಸ್, ಊಟ ಗಟ್ಟಿಯಾಗಲು 20 ಗ್ರಾಂ ಅಗರ್ ಪುಡಿ ಕರಗಿಸಿ. ಸಣ್ಣ ಗಾಜಿನ ಬಾಟಲಿಗಳಿಗೆ ಸ್ವಲ್ಪ ಸ್ವಲ್ಪ ಸುರಿದು, ಬಾಯಿಗೆ ಫಾಯಿಲ್ ಸುತ್ತಿ, ಕುಕ್ಕರ್‌ನ ಪೂರ್ಣ ಒತ್ತಡದಲ್ಲಿ 20 ನಿಮಿಷ ಇಡಿ.

ಕಣ ಹಾಕುವಾಗ ಫ್ಯಾನ್, ಕೂಲರ್ ಎರಡೂ ಬಂದ್. ನಮ್ಮೂರಲ್ಲಿ ಇದೇ ದೊಡ್ಡ ತಪಸ್ಸು, ನಸುಕಿನಲ್ಲೇ ಮುಗಿಸಿಬಿಡಿ. ಕೈಗೆ ಹಚ್ಚಿದ ಸ್ಪಿರಿಟ್ ಪೂರ್ತಿ ಆರಿದ ಮೇಲೆಯೇ ಬೆಂಕಿ ಹಚ್ಚಿ. ಸೂಜಿಯನ್ನು ಕೆಂಪಗೆ ಕಾಯಿಸಿ, ಆರಿಸಿ, ಪುಡಿಗೆ ಮುಟ್ಟಿಸಿ ಬಾಟಲಿಯೊಳಗೆ ಗೀರಿ. ಕಣ ಮೊಳೆತು ಬಿಳಿ ನೂಲಿನಂಥ ಎಳೆ ಹಬ್ಬುತ್ತದೆ. ಒಂದೇ ಕಣದ ಎಳೆ ಸಾಮಾನ್ಯವಾಗಿ ಅಣಬೆ ಬಿಡದು. ಹೊಂದುವ ಇನ್ನೊಂದರ ಎಳೆ ಅದಕ್ಕೆ ಕೂಡಬೇಕು. ಹಾಗಾಗಿ ಪುಡಿ ಧಾರಾಳವಾಗಿ ಬೀಳಲಿ. ಹಸಿರು, ಕಪ್ಪು ಚುಕ್ಕೆ ಕಂಡ ಬಾಟಲಿಯ ಮುಚ್ಚಳ ತೆಗೆಯದೆ ಮತ್ತೆ ಕುಕ್ಕರ್‌ಗೆ ಹಾಕಿ ಎಸೆಯಿರಿ. ಆ ಹಸಿರು ಬಹಳ ಸಲ ಟ್ರೈಕೋಡರ್ಮಾ ಎಂಬ ಬೂಷ್ಟು. ತೊಗರಿಯ ಸೊರಗು ರೋಗಕ್ಕೆಂದು ದುಡ್ಡು ಕೊಟ್ಟು ತರುತ್ತೇವಲ್ಲ, ಅದರ ಬಳಗದ್ದೇ! ಹೊಲದಲ್ಲಿ ನೆಂಟ, ಇಲ್ಲಿ ಕಳ್ಳ.

ಶುದ್ಧ ಬಿಳಿ ಎಳೆಯ ಅಂಚನ್ನಷ್ಟೇ ಕತ್ತರಿಸಿ ಹೊಸ ಬಾಟಲಿಗೆ ದಾಟಿಸಿ. ಎರಡು ಮೂರು ಸಲ ಹೀಗೆ ಮಾಡಿದ ಮೇಲೆ ಜೋಳದ ಸರದಿ. ಒಂದು ಕಿಲೋ ಜೋಳ ಸಿಪ್ಪೆ ಒಡೆಯದಂತೆ ಅರೆಬೇಯಿಸಿ, ಬಟ್ಟೆಯ ಮೇಲೆ ನೀರಾರಿಸಿ, ಸುಣ್ಣದಕಲ್ಲಿನ ಪುಡಿ, ಜಿಪ್ಸಂ ತಲಾ 20 ಗ್ರಾಂ ಬೆರೆಸಿ. ಬಾಟಲಿಯ ಮುಕ್ಕಾಲು ತುಂಬಿ, ಹತ್ತಿ ತುರುಕಿ, ಒಂದೂವರೆ ಗಂಟೆಯಿಂದ ಎರಡು ಗಂಟೆ ಕುಕ್ಕರ್‌ನಲ್ಲಿಡಿ. ಸಣ್ಣ ಕುಕ್ಕರ್‌ನ ನೀರು ನಡುವೆಯೇ ಇಂಗಿ ತಳ ಸುಡುವುದುಂಟು, ದೊಡ್ಡದೇ ಇರಲಿ. ತಣ್ಣಗಾದ ಮೇಲೆ ಎಳೆಯ ತುಂಡು ಹಾಕಿ ಕತ್ತಲಲ್ಲಿಟ್ಟರೆ ಎರಡು ಮೂರು ವಾರದಲ್ಲಿ ಕಾಳೆಲ್ಲ ಬೆಳ್ಳಗಾಗುತ್ತದೆ. ಹುಳಿ ವಾಸನೆ ಬಂದರೆ ಕೆಟ್ಟಿತೆಂದೇ ಲೆಕ್ಕ.

ಮುಂದಿನದು ಸಲೀಸು. ಸಿಂಧನೂರು, ಗಂಗಾವತಿ ಕಡೆ ಭತ್ತದ ಹುಲ್ಲಿಗೇನು ಬರ? ನೆನೆಸಿ, ಬಿಸಿನೀರಲ್ಲಿ ಹದಮಾಡಿ, ಹಿಂಡಿದರೆ ಹನಿ ಬೀಳದಷ್ಟು ಬಸಿದು, ಚೀಲದಲ್ಲಿ ಪದರಕ್ಕೊಂದು ಹಿಡಿ ಬೆಳ್ಳಗಾದ ಜೋಳ ಹಾಕುತ್ತ ತುಂಬಿ. ಬಲಿತ ಚಿಪ್ಪಣಬೆಯ ಧೂಳು ಶ್ವಾಸಕೋಶಕ್ಕೆ ಒಗ್ಗದು, ಕೊಯ್ಯುವಾಗ ಮಾಸ್ಕ್ ಇರಲಿ.

ಇಷ್ಟೆಲ್ಲ ಮಾಡಿದರೂ ಪ್ರತಿ ಕಣದ ಗುಣ ಬೇರೆ, ಇಳುವರಿ ಹೇಳಲಾಗದು. ನನ್ನನ್ನು ಕೇಳಿದರೆ ಕಣದ ಗೊಡವೆ ಬಿಟ್ಟು, ತಾಜಾ ಅಣಬೆ ಸೀಳಿ ಒಳಗಿನ ತಿರುಳಿನ ಚೂರನ್ನೇ ಬಾಟಲಿಗೆ ಹಾಕಿ. ತಾಯಿಯ ಗುಣವೇ ಬರುತ್ತದೆ. ಮೊದಲ ಮಳೆಗೆ ಹುತ್ತದ ಮೇಲೆ ಏಳುವ ಅಣಬೆಗೆ ಮಾತ್ರ ಇದ್ಯಾವುದೂ ನಡೆಯದು. ಅದು ಗೆದ್ದಲು ತನ್ನ ಗೂಡಿನೊಳಗೆ ಸಾಕಿಕೊಂಡ ಬೆಳೆ.