ಹ್ಯಾಶ್ ಹೊಂದಲಿಲ್ಲ ಎಂದಾಗ: ಆಫ್‌ಲೈನ್ ವಿಂಡೋಸ್ ಅಪ್‌ಡೇಟ್, ನನ್ನ ಅನುಭವ

ಸಿಎನ್‌ಸಿ ಮಶೀನಿನ ಪಕ್ಕದ ಪಿಸಿ, ಲ್ಯಾಬಿನ ಅನಲೈಸರ್, ಹಳೆಯ ಬಿಲ್ಲಿಂಗ್ ಸರ್ವರ್. ಇಂಥ ನೆಟ್ ಕೊಡಲಾಗದ ಯಂತ್ರಗಳಿಗೆ ನಾನು ಬಳಸುವುದು ಡಬ್ಲ್ಯೂಸಸ್ ಆಫ್‌ಲೈನ್ ಅಪ್‌ಡೇಟ್ ಎಂಬ ಟೂಲ್. ನೆಟ್ ಇರುವ ಪಿಸಿಯಲ್ಲಿ ಅಪ್‌ಡೇಟ್ ಜನರೇಟರ್ ಓಡಿಸಿ ಎಲ್ಲವನ್ನೂ ಇಳಿಸಿಕೊಳ್ಳುವುದು, ಕ್ಲೈಂಟ್ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ ಅಲ್ಲಿ ಅಪ್‌ಡೇಟ್ ಇನ್‌ಸ್ಟಾಲರ್ ಓಡಿಸುವುದು. ಕೈಕೊಡುವುದು ಹೆಚ್ಚಾಗಿ ಇವೆರಡರ ನಡುವೆ. ಫೈಲಿನ ಹ್ಯಾಶ್ (ಒಳಗಿನ ಬೈಟುಗಳಿಂದ ಲೆಕ್ಕಹಾಕಿದ, ಬೆರಳಚ್ಚಿನಂಥ ಸಂಖ್ಯೆ) ಬರೆದಿಟ್ಟ ಹ್ಯಾಶ್‌ಗೆ ಹೊಂದುತ್ತಿಲ್ಲ ಎಂದು ಎರರ್ ಬರುತ್ತದೆ.

ಇದಕ್ಕೆ ಯಾರನ್ನು ಕೇಳಿದರೂ ಸಿಗುವ ಉತ್ತರ ಒಂದೇ: ಕ್ಲೈಂಟ್ ಒಳಗಿನ ಎಂಡಿ ಫೋಲ್ಡರಿನಲ್ಲಿರುವ ಹ್ಯಾಶ್ ಪಟ್ಟಿಯ ಫೈಲುಗಳನ್ನು ಅಳಿಸಿ, ಮತ್ತೆ ಓಡಿಸಿ. ಎರರ್ ಹೋಗುತ್ತದೆ, ಸುಳ್ಳಲ್ಲ. ತೂಕ ಕಡಿಮೆ ಬಂತೆಂದು ತಕ್ಕಡಿಯನ್ನೇ ಎಸೆದರೆ ತಕರಾರೂ ಹೋಗುತ್ತದೆ. ಎರಡೂ ಒಂದೇ ಅಲ್ಲ ಎಂದಷ್ಟೇ ಆ ಎರರ್ ಹೇಳುತ್ತಿರುವುದು. ಕೆಟ್ಟದ್ದು ಫೈಲೋ ಪಟ್ಟಿಯೋ ಎಂಬುದನ್ನು ನಾವೇ ಕಂಡುಕೊಳ್ಳಬೇಕು. ಪಟ್ಟಿ ಅಳಿಸಿ ಹೊಸದು ಮಾಡಿಸಿದರೆ, ಆ ಹೊತ್ತಿಗೆ ಡಿಸ್ಕಿನಲ್ಲಿ ಏನಿದೆಯೋ ಅದೇ ಸರಿ ಎಂದು ದಾಖಲಾಗುತ್ತದೆ.

ಆ ಪಟ್ಟಿಯನ್ನು ಬರೆಯುವುದು ಹ್ಯಾಶ್‌ಡೀಪ್ ಎಂಬ ಪುಟ್ಟ ಪ್ರೋಗ್ರಾಂ. ಒಂದೊಂದು ಸಾಲಿನಲ್ಲಿ ಒಂದು ಫೈಲು: ಮೊದಲು ಸೈಜು, ಆಮೇಲೆ ಎಂಡಿ5, ಶಾ-1, ಶಾ-256 ಎಂಬ ಮೂರು ಬಗೆಯ ಹ್ಯಾಶ್, ಕೊನೆಗೆ ಹೆಸರು. ಇದನ್ನು ಮಾಡಿದ್ದು ಮೈಕ್ರೋಸಾಫ್ಟ್ ಅಲ್ಲ, ಇಳಿಸಿಕೊಂಡ ನಿಮ್ಮದೇ ಪಿಸಿ. ಅಂದರೆ ನಿಮ್ಮ ಪಿಸಿಯಿಂದ ಆಚೆಯ ಯಂತ್ರಕ್ಕೆ ಫೈಲು ಹಾಗೆಯೇ ತಲುಪಿತೇ ಎಂಬುದಕ್ಕೆ ಮಾತ್ರ ಇದು ಸಾಕ್ಷಿ. ಮೂಲ ಸರಿಯೇ ಎಂದು ತಿಳಿಯಲು ಬೇರೆ ಎರಡು ದಾರಿಗಳಿವೆ. ಒಂದು, ಫೈಲಿನ ಡಿಜಿಟಲ್ ಸಹಿ. ಇನ್ನೊಂದು, ದಿನವೂ ಕಣ್ಣೆದುರಿಗೇ ಇದ್ದರೂ ಬಹಳಷ್ಟು ಜನ ಗಮನಿಸದ್ದು: ಫೈಲಿನ ಹೆಸರು.

ಕೆಬಿ 4474419 ಎಂಬ ಅಪ್‌ಡೇಟನ್ನು (ಕೆಬಿ ಎಂದರೆ ಮೈಕ್ರೋಸಾಫ್ಟ್ ಕೊಡುವ ಗುರುತಿನ ಸಂಖ್ಯೆ) ತೆಗೆದುಕೊಳ್ಳಿ. ಅದರ ಮೂರನೆಯ ಆವೃತ್ತಿ, 64 ಬಿಟ್ ವಿಂಡೋಸ್ 7ಕ್ಕೆ ಬರುವ ಎಂಎಸ್‌ಯು (ಅಪ್‌ಡೇಟ್ ಪ್ಯಾಕೇಜ್) ಫೈಲನ್ನು ನೋಡಿ. ಹೆಸರಿನ ಬಾಲದಲ್ಲಿ ಅಂಡರ್‌ಸ್ಕೋರ್ ಆದಮೇಲೆ ಬಿ5614ಸಿ6 ಎಂದು ಶುರುವಾಗಿ 8ಇಎಫ್79ಸಿ ಎಂದು ಮುಗಿಯುವ 40 ಅಕ್ಷರಗಳಿವೆ. ಅದು ಆ ಫೈಲಿನದೇ ಶಾ-1. ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗಿನಿಂದ ಬರುವ ಹೆಚ್ಚಿನ ಫೈಲುಗಳಿಗೆ ಈ ಬಾಲ ಇರುತ್ತದೆ. ಹಾಗಾಗಿ ನನ್ನ ಮೊದಲ ಹೆಜ್ಜೆ ಇಷ್ಟೇ: ಎರರ್ ಬಂದ ಫೈಲಿನ ಶಾ-1 ತೆಗೆದು ಬಾಲದ ಜೊತೆ ಹೋಲಿಸುವುದು. ಸರ್ಟ್‌ಯುಟಿಲ್ ಕಮಾಂಡಿಗೆ ಹ್ಯಾಶ್‌ಫೈಲ್ ಸ್ವಿಚ್ ಹಾಕಿ ಫೈಲಿನ ಹೆಸರು ಕೊಟ್ಟರೆ ಸಾಕು, ಬೇರೇನೂ ಹೇಳದಿದ್ದರೆ ಅದು ಶಾ-1 ಅನ್ನೇ ಕೊಡುತ್ತದೆ. ವಿಂಡೋಸ್ 7ರಲ್ಲಿ ಎರಡೆರಡು ಅಕ್ಷರಕ್ಕೊಂದು ಖಾಲಿ ಜಾಗ ಬಿಟ್ಟು ತೋರಿಸುತ್ತದೆ. ಅದನ್ನು ಹಾಗೇ ಕಾಪಿ ಮಾಡಿ ಹುಡುಕಿದರೆ ಎಲ್ಲೂ ಸಿಗುವುದಿಲ್ಲ, ಜಾಗ ತೆಗೆಯಿರಿ. ಪವರ್‌ಶೆಲ್‌ನ ಗೆಟ್-ಫೈಲ್‌ಹ್ಯಾಶ್ ಸಿಗುವುದು 4.0ರಿಂದ. ವಿಂಡೋಸ್ 7ರ ಜೊತೆಗೆ ಬಂದದ್ದು 2.0, ಅಲ್ಲಿ ಅದನ್ನು ಹುಡುಕಬೇಡಿ.

ಬಾಲಕ್ಕೆ ಹೊಂದಿತು, ಪಟ್ಟಿಗೆ ಹೊಂದಲಿಲ್ಲ ಎಂದರೆ ಪಟ್ಟಿ ಹಳೆಯದು. ಡೌನ್‌ಲೋಡ್ ಅರ್ಧಕ್ಕೆ ನಿಂತಿರಬಹುದು, ಯಾರೋ ಕೈಯಾರೆ ಒಂದು ಫೈಲು ಸೇರಿಸಿರಬಹುದು, ಇಲ್ಲವೇ ಪಟ್ಟಿಯನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಸೇವ್ ಮಾಡಿ ಎನ್‌ಕೋಡಿಂಗ್ ಬದಲಾಗಿರಬಹುದು. ಹ್ಯಾಶ್‌ಡೀಪ್ ಮೊದಲ ಸಾಲಿನ ಗುರುತು ನೋಡಿಯೇ ಪಟ್ಟಿಯನ್ನು ಓದುವುದು, ಅದರ ಮುಂದೆ ಕಾಣದ ಒಂದು ಅಕ್ಷರ ಕೂತರೂ ಓದುವುದಿಲ್ಲ. ಇಂಥ ಹೊತ್ತಿನಲ್ಲಿ ಮಾತ್ರ ಆ ಒಂದು ಪಟ್ಟಿಯನ್ನು ಅಳಿಸಿ, ವೆರಿಫೈ ಆಯ್ಕೆಗೆ ಟಿಕ್ ಹಾಕಿ ಮತ್ತೆ ಓಡಿಸುತ್ತೇನೆ. ಎಲ್ಲ ಪಟ್ಟಿಗಳನ್ನೂ ಅಲ್ಲ, ಎರರ್ ಬಂದ ಉತ್ಪನ್ನದ್ದು ಒಂದೇ.

ಬಾಲಕ್ಕೂ ಹೊಂದದಿದ್ದರೆ ಫೈಲೇ ಕೆಟ್ಟಿದೆ. ಮತ್ತೆ ಡೌನ್‌ಲೋಡ್ ಹಾಕಿದರೆ ಸರಿಹೋಗುತ್ತದೆ ಎಂದುಕೊಂಡು ಹಲವರು ಸುಸ್ತಾಗುವುದು ಇಲ್ಲೇ. ಡೌನ್‌ಲೋಡರ್ ನೋಡುವುದು ಫೈಲಿನ ಸೈಜು ಮತ್ತು ತಾರೀಖು. ಸೈಜು ಸರಿಯಿದ್ದು ಒಳಗಿನ ನಾಲ್ಕು ಬೈಟ್ ಮಾತ್ರ ಕೆಟ್ಟಿದ್ದರೆ ಅದು ಫೈಲನ್ನು ಮುಟ್ಟುವುದೇ ಇಲ್ಲ. ಆದ್ದರಿಂದ ಕೆಟ್ಟ ಫೈಲನ್ನು ಮೊದಲು ಕೈಯಾರೆ ಅಳಿಸಿ, ಆಮೇಲೆ ಓಡಿಸಿ.

ಅಳಿಸುವ ಮುಂಚೆ ಒಮ್ಮೆ ನೋಟ್‌ಪ್ಯಾಡಿನಲ್ಲಿ ತೆರೆದು ನೋಡುವುದು ನನ್ನ ರೂಢಿ (ಸೇವ್ ಮಾಡದೆ!). ಕ್ಯಾಬ್ (ಮೈಕ್ರೋಸಾಫ್ಟಿನ ಕಂಪ್ರೆಸ್ ಮಾಡಿದ ಪ್ಯಾಕೇಜ್) ಫೈಲಿನ ಮೊದಲ ನಾಲ್ಕು ಅಕ್ಷರ ಎಂ, ಎಸ್, ಸಿ, ಎಫ್. ಇಎಕ್ಸ್‌ಇ ಆದರೆ ಎಂ, ಜೆಡ್. ಅವುಗಳ ಬದಲು ಎಚ್‌ಟಿಎಂಎಲ್ ಕಂಡರೆ ನಿಮಗೆ ಸಿಕ್ಕಿರುವುದು ಅಪ್‌ಡೇಟ್ ಅಲ್ಲ, ವೈಫೈನ ಲಾಗಿನ್ ಪುಟ ಅಥವಾ ಪ್ರಾಕ್ಸಿಯ 'ಅನುಮತಿ ಇಲ್ಲ' ಪುಟ. ಕ್ಯಾಬ್ ಎಂಬ ಹೆಸರಿನಲ್ಲಿ ಕೂತ 5 ಕಿಲೋಬೈಟ್ ಫೈಲುಗಳು ಬಹುಪಾಲು ಇವೇ. ಇನ್ನು ಎಂಡಿ5 ಹ್ಯಾಶ್ ಡಿ41ಡಿ8ಸಿಡಿ9 ಎಂದು ಅಥವಾ ಶಾ-1 ಡಿಎ39ಎ3ಇಇ ಎಂದು ಶುರುವಾದರೆ ತೆರೆಯುವ ಶ್ರಮವೂ ಬೇಡ. ಅದು ಸೊನ್ನೆ ಬೈಟಿನ ಖಾಲಿ ಫೈಲಿನ ಹ್ಯಾಶ್, ನೋಡಿ ನೋಡಿ ಬಾಯಿಪಾಠವಾಗಿಬಿಡುತ್ತದೆ. ಡಿಸ್ಕ್ ತುಂಬಿದಾಗ ಹೀಗಾಗುತ್ತದೆ.

ಬಾಲವಿಲ್ಲದ ಫೈಲುಗಳೂ ಇವೆ. ವಿಂಡೋಸಿನ ಆಂಟಿವೈರಸ್ ಆದ ಡಿಫೆಂಡರಿನ ಡೆಫಿನಿಷನ್ ಫೈಲು (ವೈರಸ್ ಗುರುತಿಸುವ ಮಾಹಿತಿ) ದಿನಕ್ಕೆ ಹಲವು ಸಲ ಬದಲಾಗುತ್ತದೆ, ಹೆಸರು ಮಾತ್ರ ಅದೇ. ಯಾವ ಅಪ್‌ಡೇಟ್ ಬೇಕು ಎಂದು ಲೆಕ್ಕ ಹಾಕಲು ಬಳಸುವ ನೂರಾರು ಎಂಬಿಯ ಡಬ್ಲ್ಯೂಸಸ್ ಸ್ಕ್ಯಾನ್ ಕ್ಯಾಬ್ ಕೂಡ ಹಾಗೆಯೇ, ಹೆಸರು ಬದಲಿಸದೆ ಒಳಗೆ ಬದಲಾಗುತ್ತಿರುತ್ತದೆ. ಇವುಗಳ ಹ್ಯಾಶ್ ನಿನ್ನೆಯ ಪಟ್ಟಿಗೆ ಹೊಂದದಿದ್ದರೆ ಗಾಬರಿ ಬೇಡ, ಸಹಿ ನೋಡಿ. ಪವರ್‌ಶೆಲ್‌ನ ಗೆಟ್-ಆಥೆಂಟಿಕೋಡ್‌ಸಿಗ್ನೇಚರ್ ವ್ಯಾಲಿಡ್ ಎಂದರೆ ಸಾಕು. ಹ್ಯಾಶ್‌ಮಿಸ್‌ಮ್ಯಾಚ್ ಎಂದರೆ ಸಹಿ ಹಾಕಿದ ಮೇಲೆ ಫೈಲು ಬದಲಾಗಿದೆ, ಅಳಿಸಿ. ಅದೇ ಕೆಲಸಕ್ಕೆ ಸಿಸ್‌ಇಂಟರ್ನಲ್ಸ್‌ನ ಸಿಗ್‌ಚೆಕ್ ಅನ್ನು ಶೆಡ್ಯೂಲ್ ಮಾಡಿದ ಟಾಸ್ಕಿನಲ್ಲಿ ಓಡಿಸುವುದಾದರೆ ಲೈಸೆನ್ಸ್ ಒಪ್ಪುವ ಸ್ವಿಚ್ ಹಾಕಿ. ಇಲ್ಲವಾದರೆ ಮೊದಲ ಸಲ ಒಪ್ಪಿಗೆ ಕೇಳಿಕೊಂಡು ಯಾರಿಗೂ ಕಾಣದಂತೆ ಕೂತಿರುತ್ತದೆ.

ಈಗ ಪೆನ್‌ಡ್ರೈವ್. ನನ್ನ ಲೆಕ್ಕದಲ್ಲಿ ದೊಡ್ಡ ಕಳ್ಳ ಇದೇ. ಕಾಪಿ ಮುಗಿದ ತಕ್ಷಣ ಅದೇ ಪಿಸಿಯಲ್ಲಿ ಹ್ಯಾಶ್ ನೋಡಿದರೆ ವಿಂಡೋಸ್ ಎಷ್ಟೋ ಸಲ ರ‍್ಯಾಮಿನಲ್ಲಿರುವ ಕ್ಯಾಶ್‌ನಿಂದ ಓದಿ ಎಲ್ಲ ಸರಿ ಎನ್ನುತ್ತದೆ, ಪೆನ್‌ಡ್ರೈವಿನಲ್ಲಿ ನಿಜಕ್ಕೂ ಬರೆದದ್ದನ್ನು ಯಾರೂ ನೋಡಿರುವುದಿಲ್ಲ. ಇಜೆಕ್ಟ್ ಮಾಡಿ, ಕಿತ್ತು, ಮತ್ತೆ ಚುಚ್ಚಿ, ಆಮೇಲೆ ಹ್ಯಾಶ್‌ಡೀಪ್ ಆಡಿಟ್ (ಫೈಲುಗಳನ್ನು ಪಟ್ಟಿಯ ಜೊತೆ ಹೋಲಿಸುವುದು) ಓಡಿಸಿ. ಮೊದಲಿನ ಫೈಲುಗಳು ಸರಿಯಿದ್ದು, ಒಂದು ಹಂತ ದಾಟಿದ ಮೇಲೆ ಎಲ್ಲವೂ ಕೆಟ್ಟಿದ್ದರೆ ಅದು 64 ಜಿಬಿ ಎಂದು ಬರೆದುಕೊಂಡ 8 ಜಿಬಿ ಡ್ರೈವ್. ಡ್ರೈವಿನ ನಿಜವಾದ ಗಾತ್ರ ಪರೀಕ್ಷಿಸುವ ಎಚ್2ಟೆಸ್ಟ್‌ಡಬ್ಲ್ಯು ಓಡಿಸಿದರೆ ಬಣ್ಣ ಬಯಲಾಗುತ್ತದೆ. ಲಿನಕ್ಸ್‌ನಲ್ಲಾದರೆ ಎಫ್3 ಇದೆ. ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ಇರಲಿ. ಫ್ಯಾಟ್32ರಲ್ಲಿ ಒಂದು ಫೈಲು 4 ಜಿಬಿ ಮುಟ್ಟುವಂತಿಲ್ಲ.

ಡಿವಿಡಿಗೆ ಐಎಸ್‌ಒ (ಡಿಸ್ಕಿನ ಇಮೇಜ್ ಫೈಲು) ಮಾಡುವವರಿಗೆ ಇನ್ನೊಂದು ತೊಂದರೆ. ಡಿಸ್ಕಿನಲ್ಲಿ ಉದ್ದ ಹೆಸರು ಬರೆಯುವ ಜೋಲಿಯೆಟ್ ಪದ್ಧತಿಯಲ್ಲಿ ಹೆಸರಿಗೆ 64 ಅಕ್ಷರದ ಮಿತಿ. ವಿಂಡೋಸ್ 10ರ ಒಂದು ಸಾಮಾನ್ಯ ಅಪ್‌ಡೇಟ್ ಕ್ಯಾಬಿನ ಹೆಸರನ್ನು ಎಣಿಸಿ ನೋಡಿ: ಬಾಲಕ್ಕೆ ಮುಂಚೆ 26, ಬಾಲ 40, ಎಕ್ಸ್‌ಟೆನ್ಷನ್ 4, ಒಟ್ಟು 70. ಹೆಸರು ಕತ್ತರಿಸಿಹೋಗುತ್ತದೆ, ಪಟ್ಟಿಯಲ್ಲಿರುವ ಹೆಸರಿನ ಫೈಲು ಡಿಸ್ಕಿನಲ್ಲಿ ಸಿಗುವುದಿಲ್ಲ. ಫೈಲು ಮಾತ್ರ ಚೆನ್ನಾಗಿಯೇ ಇರುತ್ತದೆ. ಐಎಸ್‌ಒ ಮಾಡುವ ಎಂಕೆಐಎಸ್‌ಒಎಫ್‌ಎಸ್ ಪ್ರೋಗ್ರಾಂನಲ್ಲಿ ಉದ್ದ ಹೆಸರಿನ ಜೋಲಿಯೆಟ್ ಸ್ವಿಚ್ ಕೊಟ್ಟರೆ 103 ಅಕ್ಷರದವರೆಗೆ ಹೋಗಬಹುದು.

ಒಂದೇ ಫೈಲಿಗೆ ಮೂರು ಸಲ ಹ್ಯಾಶ್ ತೆಗೆದರೆ ಮೂರು ಬೇರೆ ಉತ್ತರ ಬರುವುದುಂಟು. ಆಗ ಸಾಫ್ಟ್‌ವೇರ್ ಬಿಡಿ, ಯುಎಸ್‌ಬಿ ಪೋರ್ಟ್ ಬದಲಿಸಿ. ಆಗಲೂ ಹಾಗೇ ಇದ್ದರೆ ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಹಾಕಿ ಬನ್ನಿ.

ಹ್ಯಾಶ್ ಎಲ್ಲ ಹೊಂದಿಯೂ ಇನ್‌ಸ್ಟಾಲ್ ಆಗದಿದ್ದರೆ ತೊಂದರೆ ಆಚೆಯ ಯಂತ್ರದ ಸಹಿ ಪರೀಕ್ಷೆಯಲ್ಲಿದೆ. ವಿಂಡೋಸ್ ಫೋಲ್ಡರಿನಲ್ಲಿರುವ ಡಬ್ಲ್ಯೂಸಸ್ ಆಫ್‌ಲೈನ್ ಲಾಗ್ ತೆರೆದು ಎರರ್ ಕೋಡಿನ ಕೊನೆಯ ಅಂಕಿಗಳನ್ನು ನೋಡುತ್ತೇನೆ. 800ಬಿ0109 ಎಂದಿದ್ದರೆ ರೂಟ್ ಸರ್ಟಿಫಿಕೇಟ್ (ಸಹಿಗೆ ಬುಡವಾದ ಪ್ರಮಾಣಪತ್ರ) ಮೇಲೆ ನಂಬಿಕೆಯಿಲ್ಲ. ನೆಟ್ ಇಲ್ಲದ ಯಂತ್ರಕ್ಕೆ ಹೊಸ ರೂಟ್‌ಗಳು ತಾವಾಗಿ ಬರುವುದಿಲ್ಲ, ಇನ್ನೊಂದು ಯಂತ್ರದಿಂದ ಎಕ್ಸ್‌ಪೋರ್ಟ್ ಮಾಡಿ ಟ್ರಸ್ಟೆಡ್ ರೂಟ್‌ಗೆ ಸೇರಿಸಬೇಕು. 800ಬಿ0101 ಎಂದರೆ ಸರ್ಟಿಫಿಕೇಟಿನ ಅವಧಿಯ ತಕರಾರು. ಹತ್ತರಲ್ಲಿ ಒಂಬತ್ತು ಸಲ ಮದರ್‌ಬೋರ್ಡಿನ ಸಿಆರ್2032 ಸೆಲ್ಲು ಸತ್ತು ಗಡಿಯಾರ ಹತ್ತು ವರ್ಷ ಹಿಂದಕ್ಕೆ ಹೋಗಿರುತ್ತದೆ. ಸೆಲ್ಲು ಹಾಕಿ, ತಾರೀಖು ಸರಿಮಾಡಿ.

ವಿಂಡೋಸ್ 7ರಲ್ಲಿ 80092004 ಬಂದರೆ ಅದಕ್ಕೆ ಶಾ-2 (ಶಾ-256 ಸೇರಿದ ಬಗೆ) ಸಹಿ ಓದಲು ಬರುತ್ತಿಲ್ಲ ಎಂದರ್ಥ. ಮೈಕ್ರೋಸಾಫ್ಟ್ 2019ರ ಮಧ್ಯದಿಂದ ವಿಂಡೋಸ್ 7ರ ಅಪ್‌ಡೇಟ್‌ಗಳಿಗೆ ಶಾ-2 ಸಹಿ ಮಾತ್ರ ಹಾಕತೊಡಗಿತು. ಮೊದಲು ಕೆಬಿ 4490628 ಹಾಕಿ, ಆಮೇಲೆ ಕೆಬಿ 4474419 ಹಾಕಿ ರೀಸ್ಟಾರ್ಟ್ ಮಾಡಿ. ರೀಸ್ಟಾರ್ಟ್ ತಪ್ಪಿಸಿದರೆ ಮುಂದಿನ ಅಪ್‌ಡೇಟಿಗೂ ಅದೇ ಕೋಡ್ ಬರುತ್ತದೆ.