ಎಐ ಏಜೆಂಟ್‌ಗೆ ನಿಮ್ಮ ಕೀ ಬೇಡ, ಬೇರೆಯದೇ ಪ್ರೊಫೈಲ್ ಕೊಡಿ

ಎಐ ಏಜೆಂಟ್ ಕೈಗೆ ಎಡಬ್ಲ್ಯೂಎಸ್ (ಅಮೆಜಾನ್‌ನ ಕ್ಲೌಡ್ ಸೇವೆ) ಕಮಾಂಡ್ ಲೈನ್ ಒಪ್ಪಿಸುವ ಮೊದಲು, ಓದಲು ಮಾತ್ರ ಅನುಮತಿಯಿರುವ ಒಂದು ರೋಲ್ (ಅನುಮತಿಗಳ ಗುಂಪಿರುವ ಗುರುತು) ರಚಿಸಿ, ಎಡಬ್ಲ್ಯೂಎಸ್ ಕಾನ್ಫಿಗ್ ಫೈಲಿನಲ್ಲಿ ಅದಕ್ಕೊಂದು ಪ್ರೊಫೈಲ್ (ಹೆಸರಿಟ್ಟ ಸೆಟ್ಟಿಂಗ್) ಬರೆದು, ‘ಎಡಬ್ಲ್ಯೂಎಸ್_ಪ್ರೊಫೈಲ್’ (AWS_PROFILE) ವೇರಿಯಬಲ್‌ಗೆ ಆ ಹೆಸರು ಕೊಟ್ಟ ಟರ್ಮಿನಲ್‌ನಿಂದಲೇ ಏಜೆಂಟನ್ನು ಶುರು ಮಾಡಿ. ಏಜೆಂಟ್ ಓಡಿಸುವ ಪ್ರತಿ ಕಮಾಂಡ್‌ಗೂ ಆ ಟರ್ಮಿನಲ್‌ನ ವೇರಿಯಬಲ್‌ಗಳೇ ಸಿಗುತ್ತವೆ. ಏಜೆಂಟ್ ತಪ್ಪು ತಿಳಿದು ಎಸ್3 ಬಕೆಟ್ (ಎಡಬ್ಲ್ಯೂಎಸ್‌ನಲ್ಲಿ ಫೈಲ್‌ಗಳನ್ನಿಡುವ ಜಾಗ) ಅಳಿಸಲು ಹೊರಟರೂ ‘ಆಕ್ಸೆಸ್ ಡಿನೈಡ್’ ಎಂಬ ಉತ್ತರ ಬಂದು ಅಲ್ಲಿಗೇ ನಿಲ್ಲುತ್ತದೆ. ‘ಏನನ್ನೂ ಅಳಿಸಬೇಡ’ ಎಂದು ಪ್ರಾಂಪ್ಟ್‌ನಲ್ಲಿ ಬರೆಯುವುದನ್ನು ಭದ್ರತೆ ಎಂದು ದಯವಿಟ್ಟು ನಂಬಬೇಡಿ. ಆದರೆ ಅದೇ ಟರ್ಮಿನಲ್‌ನಲ್ಲಿ ಆಕ್ಸೆಸ್ ಕೀ (ಖಾತೆಗೆ ಪ್ರವೇಶ ಕೊಡುವ ಗುಟ್ಟಿನ ಸಂಕೇತ) ವೇರಿಯಬಲ್‌ಗಳು ಮೊದಲೇ ಇದ್ದರೆ ಪ್ರೊಫೈಲ್ ಲೆಕ್ಕಕ್ಕೇ ಬರುವುದಿಲ್ಲ, ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ. ಆದ್ದರಿಂದ ಮೊದಲು ‘ಎಡಬ್ಲ್ಯೂಎಸ್ ಎಸ್‌ಟಿಎಸ್ ಗೆಟ್-ಕಾಲರ್-ಐಡೆಂಟಿಟಿ’ (aws sts get-caller-identity) ಓಡಿಸಿ, ಈಗ ಯಾವ ಗುರುತು ಬಳಕೆಯಲ್ಲಿದೆ ಎಂದು ಅದು ತೋರಿಸುತ್ತದೆ. ಎಆರ್‌ಎನ್ (ಆ ಗುರುತಿನ ಪೂರ್ಣ ಹೆಸರು) ಸಾಲಿನಲ್ಲಿ ‘ಅಸ್ಯೂಮ್ಡ್-ರೋಲ್’ (assumed-role) ಮತ್ತು ನಿಮ್ಮ ರೋಲಿನ ಹೆಸರು ಕಾಣಲೇಬೇಕು. ಇನ್ನೊಂದು ಕಿಂಡಿಯೂ ಇದೆ: ನಿಮ್ಮ ಹೋಮ್ ಫೋಲ್ಡರ್ ಓದಬಲ್ಲ ಏಜೆಂಟ್, ಕಮಾಂಡ್‌ಗೆ ಬೇರೆ ಪ್ರೊಫೈಲ್ ಹೆಸರು ಸೇರಿಸಿ ನಿಮ್ಮ ಪೂರ್ಣ ಅಧಿಕಾರವನ್ನೇ ಬಳಸಬಹುದು. ಪ್ರೊಡಕ್ಷನ್ (ನಿಜವಾದ ಬಳಕೆದಾರರಿರುವ) ಖಾತೆಯಾಗಿದ್ದರೆ ಏಜೆಂಟನ್ನು ಕಂಟೇನರ್ (ನಿಮ್ಮ ಫೈಲ್‌ಗಳಿಂದ ಪ್ರತ್ಯೇಕವಾಗಿರುವ ಪರಿಸರ) ಒಳಗೆ ಓಡಿಸಿ, ಆ ರೋಲಿನ ತಾತ್ಕಾಲಿಕ ಕೀಗಳನ್ನು ಮಾತ್ರ ಒಳಗೆ ಬಿಡಿ.